ಓವನ್‌ನಲ್ಲಿ ಬಿಳಿ ಮೀನಿನ ಫಿಲೆಟ್: ನೀರು ಬಿಡದಂತೆ, ಒಣಗದಂತೆ ಬೇಯಿಸುವ ಕ್ರಮ

ಓವನ್‌ನಲ್ಲಿ ಮೀನು ಮಾಡಿ ಸೋತವರ ದೂರು ಹೆಚ್ಚುಕಡಿಮೆ ಒಂದೇ ತೆರ. ಟ್ರೇ ತುಂಬ ಬೆಳ್ಳಗಿನ ನೀರು ನಿಂತು ಮೀನು ಅದರಲ್ಲೇ ಕುದಿಯಿತು. ಅಂಚು ಒಣಗಿ ನಾರಾಯಿತು, ನಡುಭಾಗ ಹಸಿಯಾಗಿಯೇ ಉಳಿಯಿತು. ತವಾ ಫ್ರೈಗೆ ಹಚ್ಚುವ ಮಸಾಲೆಯನ್ನೇ ಹಚ್ಚಿದರೂ ಬೆಳ್ಳುಳ್ಳಿಯ ಹಸಿ ವಾಸನೆ ಹೋಗಲಿಲ್ಲ. ಇದಕ್ಕೆಲ್ಲ ಪರಿಹಾರ ಹೊಸ ರೆಸಿಪಿಯಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಮೀನಿನ ನೀರನ್ನು ಓವನ್‌ಗೆ ಹೋಗುವ ಮೊದಲೇ ತೆಗೆಯಬೇಕು. ಮಸಾಲೆಯನ್ನು ಒಲೆಯ ಮೇಲೆ ಮೊದಲೇ ಬೇಯಿಸಬೇಕು. ಸಮಯವನ್ನು ತುಂಡಿನ ದಪ್ಪ ನೋಡಿ ಇಡಬೇಕು. ಇಷ್ಟು ಸರಿಯಾದರೆ ಆಫೀಸು ಮುಗಿಸಿ ಬಂದ ರಾತ್ರಿಯಲ್ಲೂ ಮೀನು ಕೈಕೊಡುವುದಿಲ್ಲ.

ಇಲ್ಲಿರುವ ಅಳತೆಗಳು ಮೂರು ಜನರ ಊಟಕ್ಕೆ, ಅಂದರೆ ಸುಮಾರು 500 ಗ್ರಾಂ ಫಿಲೆಟ್‌ಗೆ (ನಡುಮುಳ್ಳು ಬಿಡಿಸಿ ಉದ್ದಕ್ಕೆ ತೆಗೆದ ಮೀನಿನ ಹಾಳೆ).

ಮೊದಲು ಎದುರಿಗೆ ಇಟ್ಟುಕೊಳ್ಳಬೇಕಾದವು

ಓ.ಟಿ.ಜಿ. (ಓವನ್-ಟೋಸ್ಟರ್-ಗ್ರಿಲ್, ಅಂದರೆ ಕಂಬಿ ಕಾಯುವ ಸಣ್ಣ ಕರೆಂಟ್ ಓವನ್) ಅಥವಾ ಕನ್ವೆಕ್ಷನ್ (ಫ್ಯಾನ್‌ನಿಂದ ಬಿಸಿಗಾಳಿ ಆಡಿಸಿ ಬೇಯಿಸುವ ವ್ಯವಸ್ಥೆ) ಇರುವ ಮೈಕ್ರೋವೇವ್, ಒಂದು ಚಪ್ಪಟೆ ಟ್ರೇ, ನೀರು ಹೀರುವ ಹಳೆಯ ಹತ್ತಿ ಬಟ್ಟೆ ಅಥವಾ ಕಿಚನ್ ಟಿಶ್ಯೂ, ಮುಳ್ಳು ಕೀಳಲು ಚಿಮುಟ, ಶಾಲೆಯ ಮಕ್ಕಳ ಸ್ಕೇಲು. ಸ್ಕೇಲು ಏಕೆ ಎಂಬುದು ಮುಂದೆ ತಿಳಿಯುತ್ತದೆ. ಆಹಾರದ ಒಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಟ್ರೇಗೆ ಹಾಸುವ ಕಾಗದದ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಗಳಲ್ಲಿ ಬಟರ್ ಪೇಪರ್ ಎಂದು ಕೊಡುವುದೆಲ್ಲ ಓವನ್‌ಗೆ ಆಗುವಂಥದ್ದಲ್ಲ. ಕೆಲವು ಬರೀ ತಿಂಡಿ ಸುತ್ತುವ ಕಾಗದ. ಬಿಸಿಗೆ ಕಂದಾಗಿ ಮೀನಿಗೆ ಅಂಟಿಕೊಳ್ಳುತ್ತವೆ. ಪ್ಯಾಕೆಟ್ ಮೇಲೆ ಬೇಕಿಂಗ್ ಪೇಪರ್ ಎಂದೂ ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಎಂದೂ ಬರೆದಿರಬೇಕು. ಸಣ್ಣ ಓ.ಟಿ.ಜಿ.ಯಲ್ಲಿ ಕಾಗದದ ಅಂಚು ಟ್ರೇಯಿಂದ ಹೊರಗೆ ಚಾಚದಂತೆ ಕತ್ತರಿಸಿ. ಕಾಯ್ದ ಕಂಬಿಗೆ ತಗುಲಿದರೆ ಹೊತ್ತಿಕೊಳ್ಳುತ್ತದೆ.

ಹಂತ 1: ಮೀನು ಆರಿಸುವುದು

ಈ ವಿಧಾನ ಕೊಬ್ಬು ಕಡಿಮೆ ಇರುವ ಬಿಳಿ ಮಾಂಸದ ಮೀನಿಗೆ. ಕರಾವಳಿಯಲ್ಲಿ ಸಿಗುವವುಗಳಲ್ಲಿ ಮುರು ಮೀನು ನನ್ನ ಮೊದಲ ಆಯ್ಕೆ. ತುಂಡು ದಪ್ಪ, ಮಾಂಸ ಗಟ್ಟಿ, ಸ್ವಲ್ಪ ಹೆಚ್ಚುಕಡಿಮೆಯಾದರೂ ತಾಳಿಕೊಳ್ಳುತ್ತದೆ. ಕೊಡ್ಡೈ ಕೂಡ ಚೆನ್ನ. ಕಾಣೆ ಮತ್ತು ಪಾಂಪ್ಲೆಟ್ ರುಚಿಯಲ್ಲಿ ಮೇಲು, ಆದರೆ ಫಿಲೆಟ್ ತೆಳು, ಒಂದೆರಡು ನಿಮಿಷ ಮರೆತರೆ ಕೈಬಿಟ್ಟು ಹೋಗುತ್ತವೆ. ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬಾಸಾ, ತಿಲಾಪಿಯಾ ಮತ್ತು ಏಷ್ಯನ್ ಸೀಬಾಸ್ ಎಂದೂ ಮಾರುವ ಬೆಟ್ಕಿ. ಗಲ್ಫ್‌ನಲ್ಲಿರುವ ನಮ್ಮವರಿಗೆ ಸಿಗುವ ಹಮೂರ್ ಮುರು ಮೀನಿನ ಬಳಗದ್ದೇ. ಇಂಗ್ಲೆಂಡ್, ಅಮೆರಿಕದಲ್ಲಿರುವವರು ಕಾಡ್, ಹ್ಯಾಡಕ್‌ಗೆ ಇದೇ ಕ್ರಮ ಅನುಸರಿಸಬಹುದು.

ಬಂಗುಡೆ, ಬೂತಾಯಿ ಎಣ್ಣೆಯ ಅಂಶ ಹೆಚ್ಚಿರುವ ಮೀನುಗಳು. ಅವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಮಾರುಕಟ್ಟೆಯಲ್ಲಿ ಬರೀ "ಕಟ್ ಮಾಡಿ ಕೊಡಿ" ಎಂದರೆ ನಡುಮುಳ್ಳಿನ ಸಮೇತ ಅಡ್ಡ ತುಂಡು ಮಾಡಿಕೊಡುತ್ತಾರೆ. ಅದು ಸಾರಿಗೆ, ಫ್ರೈಗೆ ಸರಿ. ನಮಗೆ ಬೇಕಾದದ್ದು ನಡುಮುಳ್ಳು ಬಿಡಿಸಿ ಉದ್ದಕ್ಕೆ ತೆಗೆದ ಎರಡು ಹಾಳೆ. "ಮುಳ್ಳು ತೆಗೆದು ಫಿಲೆಟ್ ಮಾಡಿ ಕೊಡಿ" ಎಂದು ಬಿಡಿಸಿ ಹೇಳಿ. ತಲೆ, ಮುಳ್ಳನ್ನು ಬಿಟ್ಟು ಬರಬೇಡಿ, ಮರುದಿನದ ಸಾರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಫಿಲೆಟ್‌ಗೆ ಕಣ್ಣು, ಕಿವಿರು ಇರುವುದಿಲ್ಲವಾದ್ದರಿಂದ ತಾಜಾತನ ಗುರುತಿಸುವುದು ಕಷ್ಟ. ಬೆರಳಿನಿಂದ ಒತ್ತಿ ನೋಡಿ. ಗುಂಡಿ ಬಿದ್ದದ್ದು ಹಾಗೆಯೇ ಉಳಿದರೆ ಬೇಡ. ಮಾಂಸ ಅರೆಪಾರದರ್ಶಕವಾಗಿ ಹೊಳೆಯಬೇಕು. ಪದರಗಳು ಹಸಿಯಲ್ಲೇ ಬಾಯಿಬಿಟ್ಟುಕೊಂಡಿದ್ದರೆ ಹಳೆಯದು, ಅಥವಾ ಹಿಮ ಬಿಡಿಸಿ ಮತ್ತೆ ಫ್ರೀಜ್ ಮಾಡಿದ್ದು. ಸಮುದ್ರದ ವಾಸನೆ ಸರಿ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಮಸಾಲೆಯಿಂದ ಮುಚ್ಚಲು ಹೋಗಬೇಡಿ, ಎಸೆದುಬಿಡಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನ ತಾಜಾ ಸಮುದ್ರ ಮೀನು ವಿರಳ, ಇದ್ದರೂ ದುಬಾರಿ. ಆಗ ಒಳ್ಳೆಯ ಫ್ರೋಜನ್ ಪ್ಯಾಕೆಟ್ ಕೊಳ್ಳುವುದರಲ್ಲಿ ಸಂಕೋಚ ಬೇಡ. ಪ್ಯಾಕೆಟ್ ಒಳಗೆ ಸಡಿಲ ಹಿಮದ ಹರಳು ತುಂಬಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯಿರಿ. ಮೀನಿನ ಮೇಲೆ ಒಣಗಿದ ಬಿಳಿ ಮಚ್ಚೆಗಳಿದ್ದರೆ ಆ ಭಾಗ ಎಷ್ಟು ಎಚ್ಚರಿಕೆಯಿಂದ ಬೇಯಿಸಿದರೂ ಹತ್ತಿಯಂತೆ ಆಗುತ್ತದೆ.

ಹಂತ 2: ಹಿಮ ಬಿಡಿಸುವುದು

ಹಿಂದಿನ ರಾತ್ರಿಯೇ ಪ್ಯಾಕೆಟ್ಟನ್ನು ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ. ಬಟ್ಟಲಿನ ಮೇಲೆ ಜಾಲರಿ ಪಾತ್ರೆ ಇಟ್ಟು, ಅದರಲ್ಲಿ ಮೀನು ಹರಡಿ, ಮುಚ್ಚಿಡಿ. ಬೆಳಿಗ್ಗೆ ಎದ್ದು ಬಟ್ಟಲು ನೋಡಿ. ಬಾಸಾ ಆದರೆ ಅರ್ಧ ಲೋಟ ಮಸುಕು ನೀರು ನಿಂತಿರುವುದೂ ಉಂಟು. ಫ್ರೀಜ್ ಮಾಡುವಾಗ ಮೀನು ಒಣಗದಿರಲಿ ಎಂದು ಮೇಲೆ ಹಿಮದ ಲೇಪ ಕೊಟ್ಟಿರುತ್ತಾರೆ. ಕೆಲವು ಕಡೆ ನೀರು ಹಿಡಿದಿಡಲು ಫಾಸ್ಫೇಟ್ ಉಪ್ಪಿನ ದ್ರಾವಣದಲ್ಲಿ ಅದ್ದುವುದೂ ಇದೆ. ಬಟ್ಟಲಲ್ಲಿ ಇಳಿದ ಆ ನೀರು ಇಳಿಯದೆ ಉಳಿದಿದ್ದರೆ ರಾತ್ರಿ ನಿಮ್ಮ ಟ್ರೇಯಲ್ಲಿ ನಿಲ್ಲುತ್ತಿತ್ತು.

ಗಾಳಿ ತೆಗೆದು ಸೀಲ್ ಮಾಡಿದ ಪ್ಯಾಕೆಟ್ ಆದರೆ ಹಿಮ ಬಿಡಿಸುವ ಮೊದಲೇ ಕತ್ತರಿಸಿ ತೆರೆಯಿರಿ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯ ಗಾಳಿ ಇಲ್ಲದ ಕಡೆ ಬೆಳೆದು ವಿಷ ಉಂಟುಮಾಡುತ್ತದೆ. ಮೀನಿನಲ್ಲಿ ಕಾಣಿಸಿಕೊಳ್ಳುವ ಅದರ ಒಂದು ಬಗೆ ಫ್ರಿಜ್‌ನ ತಣ್ಣಗಿನಲ್ಲೂ ಬೆಳೆಯಬಲ್ಲದು. ಪ್ಯಾಕೆಟ್ಟಿಗೆ ಗಾಳಿ ಹೋದರೆ ಈ ಅಪಾಯ ತಪ್ಪುತ್ತದೆ. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಒಂದು ಕತ್ತರಿ ಏಟಿನ ಕೆಲಸ ಅಷ್ಟೆ, ಮರೆಯಬೇಡಿ.

ಇಳಿಸಿಡಲು ಮರೆತಿದ್ದರೆ ಮೀನನ್ನು ನೀರು ಹೋಗದಂಥ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ. ಬಿಡಿ ತುಂಡುಗಳಾದರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಬಿಸಿನೀರು ಬೇಡ, ಅಡುಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಡುವುದೂ ಬೇಡ. ಮೈಕ್ರೋವೇವ್ ಡಿಫ್ರಾಸ್ಟ್‌ನಲ್ಲಿ ಅಂಚು ಬೆಂದು ನಡುವೆ ಹಿಮ ಉಳಿಯುತ್ತದೆ, ಆ ಮೀನು ಮುಂದೆ ಸಮನಾಗಿ ಬೇಯುವುದೇ ಇಲ್ಲ. ಒಮ್ಮೆ ಬಿಟ್ಟ ಮೀನನ್ನು ಹಸಿಯಾಗಿ ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಹಂತ 3: ತೊಳೆಯುವುದು, ಮುಳ್ಳು ನೋಡುವುದು, ತುಂಡು ಸಮ ಮಾಡುವುದು

ನಮ್ಮ ಮನೆಗಳಲ್ಲಿ ತೊಳೆಯದ ಮೀನು ಒಲೆಗೇರುವುದಿಲ್ಲ. ಇಡೀ ಮೀನಾದರೆ ಎಷ್ಟು ಬೇಕಾದರೂ ತೊಳೆಯಿರಿ. ಫಿಲೆಟ್‌ಗೆ ಮಾತ್ರ ಕೈ ಹಿಡಿತದಲ್ಲಿರಲಿ. ಬಟ್ಟಲಲ್ಲಿ ತಣ್ಣೀರು ತೆಗೆದುಕೊಂಡು ಒಮ್ಮೆ ಅದ್ದಿ ತೆಗೆದರೆ ಸಾಕು. ಅರಿಸಿನ ನೀರಿನಲ್ಲೋ ಲಿಂಬೆ ನೀರಿನಲ್ಲೋ ನೆನೆಹಾಕಬೇಡಿ. ಚರ್ಮ, ಮುಳ್ಳು ಇಲ್ಲದ ಮಾಂಸ ನೀರು ಕುಡಿಯುತ್ತದೆ. ಹುಳಿ ತಾಗಿದರೆ ಮೇಲ್ಪದರ ಹಸಿಯಲ್ಲೇ ಬೆಳ್ಳಗಾಗಿ ಗಟ್ಟಿಯಾಗುತ್ತದೆ.

ತಲೆಯ ಕಡೆಯಿಂದ ಬಾಲದ ಕಡೆಗೂ, ಮತ್ತೆ ತಿರುಗಿಯೂ ಬೆರಳು ಆಡಿಸಿ. ಮಧ್ಯದ ಗೆರೆಯುದ್ದಕ್ಕೂ ಸಣ್ಣ ಮುಳ್ಳಿನ ತುದಿಗಳು ಕೈಗೆ ಹತ್ತುತ್ತವೆ. ಒಂದು ಕೈಯಲ್ಲಿ ಪಕ್ಕದ ಮಾಂಸ ಒತ್ತಿ ಹಿಡಿದು, ಮುಳ್ಳು ಯಾವ ಕಡೆ ವಾಲಿದೆಯೋ ಅದೇ ಕಡೆಗೆ ಚಿಮುಟದಿಂದ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಮಾಂಸ ಸೀಳುತ್ತದೆ. ಮಕ್ಕಳು ತಿನ್ನುವ ಮನೆಯಲ್ಲಿ ಈ ಕೆಲಸವನ್ನು ಬೆಳಕಿನಲ್ಲಿ, ಅವಸರ ಬಿಟ್ಟು ಮಾಡಿ.

ಬಾಲದ ತುದಿ ಯಾವಾಗಲೂ ತೆಳು. ಅದನ್ನು ಅಡಿಗೆ ಮಡಚಿ, ಇಡೀ ತುಂಡು ಒಂದೇ ದಪ್ಪ ಬರುವಂತೆ ಮಾಡಿ. ಉದ್ದ ಫಿಲೆಟ್ಟನ್ನು 150ರಿಂದ 170 ಗ್ರಾಂನ ತುಂಡು ಮಾಡಿಕೊಂಡರೆ ತಿರುಗಿಸುವಾಗ, ಬಡಿಸುವಾಗ ಮುರಿಯುವುದಿಲ್ಲ. ದಪ್ಪ ಬೇರೆಬೇರೆಯಾಗಿದ್ದರೆ ತೆಳುವಾದವನ್ನು ಪ್ರತ್ಯೇಕ ಇಡಿ, ಅವು ಓವನ್‌ಗೆ ತಡವಾಗಿ ಹೋಗುತ್ತವೆ.

ಹಂತ 4: ಉಪ್ಪು ಹಚ್ಚಿ ನೀರು ತೆಗೆಯುವುದು

ಇಡೀ ಅಡುಗೆಯ ಜೀವ ಈ ಹಂತದಲ್ಲಿದೆ. ಮೇಲ್ಮೈಯಲ್ಲಿ ನೀರು ಇರುವಷ್ಟು ಹೊತ್ತು ಅಲ್ಲಿಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಓವನ್ನಿನ ಕಾವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ. ನೀವು 220 ಇಟ್ಟಿರಿ, 250 ಇಟ್ಟಿರಿ, ಒದ್ದೆ ಮೀನು ಕೆಂಪಗಾಗುವುದಿಲ್ಲ.

500 ಗ್ರಾಂ ಮೀನಿಗೆ ಒಂದು ಟೀ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಪುಡಿ ಉಪ್ಪನ್ನು ಎರಡೂ ಬದಿಗೆ ಸಮನಾಗಿ ಉದುರಿಸಿ. ಜಾಲರಿಯ ಮೇಲೆ 15 ನಿಮಿಷ ಬಿಡಿ. ಮೀನಿನ ಮೈಮೇಲೆ ಬೆವರಿದ ಹಾಗೆ ಹನಿ ಮೂಡುತ್ತದೆ. ಆಗ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ತುಂಡುಗಳನ್ನಿಟ್ಟು, ಮೇಲೆ ಇನ್ನೊಂದು ಮಡಿಕೆ ಮುಚ್ಚಿ ಅಂಗೈಯಿಂದ ಮೆಲ್ಲಗೆ ಒತ್ತಿ. ಉಜ್ಜಬಾರದು, ಪದರ ಬಿಟ್ಟುಕೊಳ್ಳುತ್ತದೆ. ಬಟ್ಟೆ ನೆನೆದರೆ ಒಣ ಜಾಗಕ್ಕೆ ಸರಿಸಿ ಮತ್ತೆ ಒತ್ತಿ. ಬಾಸಾಗೆ ಮೂರು ಸಲವಾದರೂ ಬೇಕು, ಮುರು ಮೀನಿಗೆ ಒಂದು ಸಲ ಸಾಕಾಗುತ್ತದೆ.

ಎಷ್ಟು ಒಣಗಬೇಕು? ಬೆರಳು ಇಟ್ಟು ಎತ್ತಿದರೆ ತುಸು ಅಂಟಬೇಕು, ಬೆರಳು ಒದ್ದೆಯಾಗಬಾರದು. ಅದೇ ಗುರುತು.

ಉಪ್ಪು ಹಚ್ಚಿ ಒಂದು ಗಂಟೆ ಮರೆತುಬಿಟ್ಟರೆ ಮೀನು ಗಟ್ಟಿಯಾಗಿ ಉಪ್ಪುಮೀನಿನ ದಾರಿ ಹಿಡಿಯುತ್ತದೆ, ಆದ್ದರಿಂದ 15ರಿಂದ 20 ನಿಮಿಷದ ಮಿತಿ ಇರಲಿ. ಈ ಉಪ್ಪೇ ಪೂರ್ತಿ ಉಪ್ಪು. ಮಸಾಲೆಗೆ ಮತ್ತೆ ಹಾಕಬೇಡಿ.

ಹಂತ 5: ಓವನ್ ಕಾಯಿಸುವುದು

ಮೀನಿಗೆ ಉಪ್ಪು ಹಚ್ಚಿದ ಕೂಡಲೇ ಓವನ್ ಹಾಕಿ. ಓ.ಟಿ.ಜಿ. ಆದರೆ ಮೇಲಿನ, ಕೆಳಗಿನ ಎರಡೂ ಕಂಬಿ ಕಾಯುವಂತೆ ಗುಂಡಿ ತಿರುಗಿಸಿ 220 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇರುವ ಕನ್ವೆಕ್ಷನ್ ಆದರೆ 200. ಖಾಲಿ ಟ್ರೇಯನ್ನೂ ಒಳಗಿಟ್ಟೇ ಕಾಯಿಸಿ, ನಡುವಿನ ಅರೆಯಲ್ಲಿ.

ದೀಪ ಆರಿದ ಕೂಡಲೇ ಓವನ್ ಸಿದ್ಧ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಆಗ ಗಾಳಿ ಬಿಸಿಯಾಗಿರುತ್ತದೆ, ಗೋಡೆ, ಟ್ರೇ ಆಗಿರುವುದಿಲ್ಲ. ಬಾಗಿಲು ತೆರೆದ ಕ್ಷಣ ಆ ಬಿಸಿಗಾಳಿ ಹೊರಟುಹೋಗುತ್ತದೆ. ದೀಪ ಆರಿದ ಮೇಲೂ ಐದು ನಿಮಿಷ ಕಾಯಿರಿ. ಎಲ್ಲ ಸೇರಿ 15 ನಿಮಿಷ. ಗುಂಡಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಓವನ್ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಇದ್ದರೆ ನಿಮ್ಮದು ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ.

ಬರೀ ಮೈಕ್ರೋವೇವ್ ಬೇಕಿಂಗ್ ಅಲ್ಲ, ಅದರಲ್ಲಿ ಮೀನು ಆವಿಯಲ್ಲಿ ಬೇಯುತ್ತದೆ ಅಷ್ಟೆ. ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಲೋಹದ ಟ್ರೇ ಇಡುವ ಮೊದಲು ಕೈಪಿಡಿ ನೋಡಿ, ಬರೀ ಕನ್ವೆಕ್ಷನ್ ಮೋಡ್‌ನಲ್ಲೇ ಇದೆಯೇ ಎಂದು ಎರಡು ಸಲ ಖಚಿತ ಮಾಡಿಕೊಳ್ಳಿ.

ಹಂತ 6: ಮಸಾಲೆಯನ್ನು ಮೊದಲು ಬೇಯಿಸುವುದು

ತವಾ ಮೇಲೆ ಮೀನು ಹುರಿಯುವಾಗ ಮಸಾಲೆ ನೇರ ಎಣ್ಣೆಯಲ್ಲಿ, ಬಿಸಿ ಕಬ್ಬಿಣಕ್ಕೆ ತಾಗಿ ಬೇಯುತ್ತದೆ. ಓವನ್‌ನಲ್ಲಿ ಆ ಸಂಪರ್ಕ ಇಲ್ಲ, ಸಮಯವೂ ಹತ್ತು ಹನ್ನೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಮೀನು ಬೇಯುತ್ತದೆ, ರುಬ್ಬಿದ ಬೆಳ್ಳುಳ್ಳಿ ಶುಂಠಿ ಬೇಯುವುದಿಲ್ಲ. ಹಸಿ ವಾಸನೆ ಹೋಗಲಿ ಎಂದು ಇನ್ನೂ ಹತ್ತು ನಿಮಿಷ ಬಿಟ್ಟರೆ ಮೀನು ಒಣಗುತ್ತದೆ. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಒಂದೇ, ಮಸಾಲೆಯನ್ನು ಬಾಣಲೆಯಲ್ಲಿ ಹುರಿದು ಹಚ್ಚುವುದು.

ಎಂಟು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಐದು ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ, ಒಂದು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಅರಿಸಿನ, ಗೋಲಿ ಗಾತ್ರದ ಹುಣಸೆಹಣ್ಣು ಸೇರಿಸಿ ಆದಷ್ಟು ಕಡಿಮೆ ನೀರಲ್ಲಿ ನುಣ್ಣಗೆ ರುಬ್ಬಿ. ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯಿರಿ. ಮೊದಲು ಟಪಟಪ ಸಿಡಿಯುತ್ತದೆ. ಆಮೇಲೆ ಸದ್ದು ತಗ್ಗಿ, ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಆಗ ಇಳಿಸಿ ಪೂರ್ತಿ ಆರಿಸಿ. ಬಿಸಿ ಮಸಾಲೆಯನ್ನು ಹಸಿ ಮೀನಿಗೆ ಹಚ್ಚಿದರೆ ಮೀನು ಮತ್ತೆ ನೀರು ಬಿಡುತ್ತದೆ. ಭಾನುವಾರ ಇದನ್ನೇ ಹೆಚ್ಚು ಮಾಡಿ ಫ್ರಿಜ್‌ನಲ್ಲಿಟ್ಟುಕೊಂಡರೆ ವಾರದ ರಾತ್ರಿಯ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ.

ಮಸಾಲೆ ಮೇಲ್ಬದಿಗೂ ಪಕ್ಕಗಳಿಗೂ ತೆಳುವಾಗಿ ಹಚ್ಚಿ. ಮೀನಿನ ಬಿಳಿ ಅಲ್ಲಲ್ಲಿ ಇಣುಕಬೇಕು. ದಪ್ಪ ಮೆತ್ತಿದರೆ ಅದು ಹೊದಿಕೆಯಾಗಿ ಒಳಗೆ ಆವಿ ಕಟ್ಟುತ್ತದೆ. ಹಚ್ಚಿ ಗಂಟೆಗಟ್ಟಲೆ ಇಡುವ ಅಭ್ಯಾಸವನ್ನೂ ಇಲ್ಲಿ ಬಿಡಿ. ಹುಣಸೆಯ ಹುಳಿ ಬಾಸಾದಂಥ ಮೆತ್ತನೆ ಮೀನನ್ನು ಹಾಳು ಮಾಡುತ್ತದೆ, ಓವನ್‌ಗೆ ಹೋಗುವ ಮುಂಚೆ ಹಚ್ಚಿದರೆ ಸಾಕು.

ಖಾರ ಬೇಡದ ಮಕ್ಕಳಿಗೆ ಎರಡು ಚಮಚ ಬೆಣ್ಣೆ ಕರಗಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಅದರಲ್ಲಿ ಅರ್ಧ ನಿಮಿಷ ಬಾಡಿಸಿ, ಕಾಳುಮೆಣಸಿನ ಪುಡಿಯೊಂದಿಗೆ ಸವರಿ. ಲಿಂಬೆರಸ ಬೆಂದ ಮೇಲೆಯೇ ಹಿಂಡಬೇಕು.

ರವಾ ಫ್ರೈಯ ಗರಿಗರಿ ಬೇಕೆನ್ನುವವರು ಹಸಿ ರವೆ ಉದುರಿಸಿ ಸೋಲುತ್ತಾರೆ. ಎಣ್ಣೆಯಿಲ್ಲದ ಓವನ್‌ನಲ್ಲಿ ಅದು ಬೆಳ್ಳಗೆ ಮರಳಿನಂತೆ ಉಳಿಯುತ್ತದೆ. ಮೂರು ದೊಡ್ಡ ಚಮಚ ರವೆಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಬಾಣಲೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಮಸಾಲೆಯ ಮೇಲೆ ಒತ್ತಿ. ಮೇಲ್ಬದಿಗೆ ಮಾತ್ರ. ಕೆಳಗೆ ಹಾಕಿದರೆ ನೆನೆದು ಮುದ್ದೆಯಾಗುತ್ತದೆ.

ಹಂತ 7: ಟ್ರೇಯಲ್ಲಿ ಜೋಡಿಸುವುದು

ಕಾದ ಟ್ರೇ ಹೊರತೆಗೆದು, ಬೇಕಿಂಗ್ ಪೇಪರ್ ಹಾಸಿ, ಎಣ್ಣೆ ಸವರಿ ತುಂಡುಗಳನ್ನಿಡಿ. ಚರ್ಮ ಇದ್ದರೆ ಅದು ಕೆಳಗೆ. ತುಂಡಿಗೂ ತುಂಡಿಗೂ ಎರಡು ಬೆರಳು ಜಾಗ ಬೇಕು. ಒತ್ತಾಗಿ ಇಟ್ಟರೆ ಒಂದರ ಆವಿ ಇನ್ನೊಂದಕ್ಕೆ ತಾಗಿ ಎಲ್ಲವೂ ಒದ್ದೆಯಾಗುತ್ತದೆ. ಆಳವಾದ ಕೇಕ್ ಟಿನ್ ಬೇಡ, ಅದರ ಗೋಡೆ ಆವಿಯನ್ನು ಒಳಗೇ ಹಿಡಿದಿಡುತ್ತದೆ. ಹುಣಸೆ, ಉಪ್ಪು ತಾಗುವ ಕಡೆ ಅಲ್ಯೂಮಿನಿಯಂ ಫಾಯಿಲ್ ಬಳಸುವುದನ್ನು ನಾನು ಬಿಟ್ಟಿದ್ದೇನೆ. ಹುಳಿಗೆ ಲೋಹ ಕರಗಿ ಕಪ್ಪು ಮಚ್ಚೆ, ಲೋಹದ ರುಚಿ ಎರಡೂ ಬರುತ್ತವೆ.

ಆಲೂಗಡ್ಡೆ, ಕ್ಯಾರೆಟ್ ಜೊತೆಗೇ ಇಡುವ ಆಸೆಯಿದ್ದರೆ ಅವುಗಳಿಗೆ 30-35 ನಿಮಿಷ ಬೇಕೆಂಬುದು ನೆನಪಿರಲಿ. ಅವನ್ನು ಮೊದಲು ಹಾಕಿ, ಕೊನೆಯಲ್ಲಿ ಜಾಗ ಮಾಡಿ ಮೀನು ಸೇರಿಸಿ.

ಹಂತ 8: ದಪ್ಪ ಅಳೆದು ಸಮಯ ಇಡುವುದು

ದುಬೈಯಲ್ಲಿರುವ ಅಕ್ಕನ ಮಗ ಒಂದು ರಾತ್ರಿ ವಿಡಿಯೋ ಕಾಲ್ ಮಾಡಿ ಟ್ರೇ ತೋರಿಸಿದ. "ಚಿಕ್ಕಮ್ಮ, ನೀವು ಹೇಳಿದ ಹಾಗೆ ಹದಿನೈದೇ ನಿಮಿಷ ಇಟ್ಟದ್ದು. ಆದ್ರೂ ಒಣಗಿ ಹೋಗಿದೆ ನೋಡಿ."

"ಹದಿನೈದು ನಿಮಿಷ ಹಮೂರ್‌ನ ದಪ್ಪ ತುಂಡಿಗೆ ಅಲ್ವಾ ಹೇಳಿದ್ದು? ಇದು ಎಷ್ಟು ದಪ್ಪ ಇತ್ತು?"

"ದಪ್ಪ ನೋಡ್ಲಿಲ್ಲ. ತೂಕ ಅಷ್ಟೇ ಇತ್ತು."

ಅವನು ತಂದದ್ದು ತಿಲಾಪಿಯಾ, ದಪ್ಪ ಒಂದೂವರೆ ಸೆಂಟಿಮೀಟರೂ ಇರಲಿಲ್ಲ. ತೂಕ ಒಂದೇ ಇದ್ದರೂ ಅಗಲವಾದ ತೆಳು ತುಂಡಿನ ನಡುವಿಗೆ ಕಾವು ಬೇಗ ತಲುಪುತ್ತದೆ. ಸಮಯ ಹೇಳುವಾಗ ದಪ್ಪ ಹೇಳದಿದ್ದರೆ ಅದು ಅರ್ಧ ಮಾತು ಎಂದು ನನಗೂ ಆಗಲೇ ಮನದಟ್ಟಾಯಿತು.

ಆದ್ದರಿಂದ ಸ್ಕೇಲು. ತುಂಡಿನ ಅತಿ ದಪ್ಪ ಜಾಗದ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಚೆನ್ನಾಗಿ ಕಾದ 220 ಡಿಗ್ರಿಯ ಓ.ಟಿ.ಜಿ.ಯಲ್ಲಿ:

- 1 ಸೆಂ.ಮೀ. (ಕಾಣೆ, ಪಾಂಪ್ಲೆಟ್): 6ರಿಂದ 7 ನಿಮಿಷ
- 1.5 ಸೆಂ.ಮೀ. (ತಿಲಾಪಿಯಾ, ತೆಳು ಬಾಸಾ): 8ರಿಂದ 10 ನಿಮಿಷ
- 2 ಸೆಂ.ಮೀ.: 10ರಿಂದ 12 ನಿಮಿಷ
- 2.5 ಸೆಂ.ಮೀ. (ಬೆಟ್ಕಿ, ಮುರು): 12ರಿಂದ 15 ನಿಮಿಷ

ಟೈಮರ್ ಅನ್ನು ಮೊದಲ ಅಂಕಿಗೆ ಇಡಿ, ಎರಡನೆಯದಕ್ಕಲ್ಲ. ನೇರ ಫ್ರಿಜ್‌ನಿಂದ ಬಂದ ಮೀನಾದರೆ ಒಂದು ನಿಮಿಷ ಹೆಚ್ಚು ಹಿಡಿಯಬಹುದು. ನಡುವೆ ತಿರುಗಿಸುವ ಅಗತ್ಯವಿಲ್ಲ. ಓವನ್‌ನ ಹಿಂಭಾಗ ಹೆಚ್ಚು ಕಾಯುತ್ತಿದ್ದರೆ ಅರ್ಧ ದಾರಿಯಲ್ಲಿ ಟ್ರೇಯನ್ನು ಮಾತ್ರ ಹಿಂದುಮುಂದು ಮಾಡಿ ಬಾಗಿಲು ಬೇಗ ಮುಚ್ಚಿ. ಹೆಚ್ಚು ಬಣ್ಣ ಬೇಕಿದ್ದರೆ ಕೊನೆಯ ಎರಡು ನಿಮಿಷ ಮೇಲಿನ ಕಂಬಿ ಮಾತ್ರ ಹಾಕಿ, ಎದುರಲ್ಲೇ ನಿಂತು ನೋಡಿ.

ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಬಾಗಿಲು ತೆರೆಯಬೇಡಿ. ಕಾದ ಓವನ್ ಐದಾರು ನಿಮಿಷ ಬೇಯಿಸುತ್ತಲೇ ಇರುತ್ತದೆ. ಆಮೇಲೂ ಬಾರದಿದ್ದರೆ ಕಾದ ತವಾಗೆ ಎಣ್ಣೆ ಹಾಕಿ ಮುಚ್ಚಳ ಮುಚ್ಚಿ ಮುಗಿಸಿ.

ಹಂತ 9: ಬೆಂದಿದೆಯೇ ಎಂದು ತಿಳಿಯುವುದು

ಕೋಳಿ, ಕುರಿ ಮಾಂಸವನ್ನು ಹೆಚ್ಚು ಹೊತ್ತು ಬೇಯಿಸಿದರೆ ಮೆತ್ತಗಾದೀತು. ಮೀನಿಗೆ ಆ ಮಾತು ಸಲ್ಲದು. ಅದರಲ್ಲಿ ಗಟ್ಟಿ ನಾರು ಕಡಿಮೆ, ಇರುವುದೂ ಬೇಗ ಕರಗುತ್ತದೆ. ಅಲ್ಲಿಂದ ಮುಂದೆ ಬೇಯಿಸಿದಷ್ಟೂ ಮಾಂಸ ಮುದುಡಿ ತನ್ನ ನೀರನ್ನು ಹೊರಗೆ ಹಿಂಡುತ್ತದೆ. "ಇನ್ನೆರಡು ನಿಮಿಷ ಇರಲಿ" ಎಂಬ ಎಚ್ಚರಿಕೆಯೇ ಹೆಚ್ಚಿನ ಮೀನನ್ನು ಕೆಡಿಸುವುದು.

ಥರ್ಮಾಮೀಟರ್ ಇದ್ದರೆ ಅತಿ ದಪ್ಪ ಜಾಗಕ್ಕೆ ಪಕ್ಕದಿಂದ ಚುಚ್ಚಿ. 60 ಡಿಗ್ರಿ ತೋರಿಸಿದಾಗ ದಪ್ಪ ತುಂಡನ್ನು ತೆಗೆದರೆ ಹೊರಗೆ ಕೂತ ಎರಡು ಮೂರು ನಿಮಿಷದಲ್ಲಿ ತನ್ನ ಕಾವಿನಿಂದಲೇ ಮೇಲೇರುತ್ತದೆ. ಸುರಕ್ಷಿತ ಎಂದು ಒಪ್ಪಿರುವ ಅಳತೆ 63 ಡಿಗ್ರಿ. ಮನೆಯಲ್ಲಿ ಗರ್ಭಿಣಿ, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ, ತುಂಡು ತೆಳುವಾಗಿದ್ದರೂ ಸಹ, 63 ಕಂಡ ಮೇಲೆಯೇ ತೆಗೆಯಿರಿ.

ಇಲ್ಲದಿದ್ದರೆ ಫೋರ್ಕ್‌ನ ತುದಿಯನ್ನು ದಪ್ಪ ಜಾಗದಲ್ಲಿ ಇಳಿಸಿ ಮೆಲ್ಲಗೆ ತಿರುಚಿ. ಪದರಗಳು ತಾವಾಗಿ ಜಾರಿ ಬಿಡಬೇಕು, ಒಳಗೆ ಗಾಜಿನಂತಿದ್ದದ್ದು ಹಾಲು ಬಿಳುಪಾಗಿರಬೇಕು, ತೇವ ಹೊಳೆಯುತ್ತಿರಬೇಕು. ಫೋರ್ಕ್‌ಗೆ ತಡೆ ಸಿಕ್ಕರೆ ಅಥವಾ ನಡುವೆ ಗಾಜಿನ ಗೆರೆ ಉಳಿದಿದ್ದರೆ ಎರಡು ನಿಮಿಷ ಮತ್ತೆ. ಬಾಸಾ ಮಾತ್ರ ದೊಡ್ಡ ಪದರವಾಗಿ ಬಿಡುವ ಮೀನಲ್ಲ, ಮೆತ್ತಗೆ ಕುಸಿಯುತ್ತದೆ. ಪದರಕ್ಕಾಗಿ ಕಾದರೆ ಒಣಗಿಯೇ ಹೋಗುತ್ತದೆ, ಬಣ್ಣ ನೋಡಿ ತೆಗೆಯಿರಿ.

ಮಿತಿ ಮೀರುತ್ತಿದೆ ಎನ್ನುವ ಗುರುತುಗಳೂ ಇವೆ. ಪಕ್ಕಗಳಲ್ಲಿ ಮೊಸರಿನಂಥ ಬಿಳಿ ಗಸಿ ಹೆಚ್ಚಾಗಿ ಉಕ್ಕುವುದು, ತುಂಡು ಇಟ್ಟ ಜಾಗದಿಂದ ಎದ್ದು ಕಾಣುವಷ್ಟು ಕುಗ್ಗುವುದು, ಮುಟ್ಟದೆಯೇ ಪದರ ಬಾಯಿಬಿಡುವುದು. ಮೊದಲನೆಯದು ಕಂಡ ಕೂಡಲೇ ಹೊರತೆಗೆಯಿರಿ.

ಹಂತ 10: ಇಳಿಸಿ ಬಡಿಸುವುದು

ಟ್ರೇಯಲ್ಲೇ ಎರಡು ಮೂರು ನಿಮಿಷ ಬಿಡಿ, ಮುಚ್ಚಬೇಡಿ. ಈ ಹೊತ್ತಿನಲ್ಲಿ ಮೀನು ತುಸು ಗಟ್ಟಿಯಾಗಿ ಕಾಗದದಿಂದ ಬಿಡುತ್ತದೆ. ಅಗಲವಾದ ದೋಸೆ ಸಟ್ಟುಗದಿಂದ ಒಂದೇ ಸಲಕ್ಕೆ ಎತ್ತಿ. ಲಿಂಬೆ ಹಿಂಡಿ, ಎರಡು ಎಸಳು ಕರಿಬೇವನ್ನು ತೆಂಗಿನೆಣ್ಣೆಯಲ್ಲಿ ಚಟಪಟ ಸಿಡಿಸಿ ಮೇಲೆ ಸುರಿದರೆ ಊರಿನ ಅಡುಗೆಮನೆಯ ಪರಿಮಳವೇ ಬರುತ್ತದೆ. ಪಕ್ಕದಲ್ಲಿ ಕುಚ್ಚಲಕ್ಕಿ ಅನ್ನ, ತಿಳಿಸಾರು ಇದ್ದರೆ ನಮಗೆ ಬೇರೇನೂ ಬೇಡ.

ವಾರದ ರಾತ್ರಿಯ ಲೆಕ್ಕ

ಹಿಂದಿನ ರಾತ್ರಿ ಮೀನು ಫ್ರಿಜ್‌ಗೆ ಇಳಿದಿದೆ, ಹುರಿದ ಮಸಾಲೆ ಡಬ್ಬಿಯಲ್ಲಿದೆ ಎಂದಿಟ್ಟುಕೊಳ್ಳಿ. 7:30ಕ್ಕೆ ಮುಳ್ಳು ನೋಡಿ, ಉಪ್ಪು ಹಚ್ಚಿ, ಓವನ್ ಹಾಕಿ. ಅದೇ ಹೊತ್ತಿಗೆ ಅನ್ನಕ್ಕೆ ಇಡಿ, ಕುಚ್ಚಲಕ್ಕಿಯಾದರೆ ಇನ್ನೂ ಮೊದಲೇ. 7:50ಕ್ಕೆ ನೀರೊತ್ತಿ ಮಸಾಲೆ ಸವರಿ, 7:55ಕ್ಕೆ ಟ್ರೇ ಒಳಗೆ. ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಟೈಮರ್ ಕೂಗುತ್ತದೆ. 8:10ಕ್ಕೆ ತಟ್ಟೆ ಹಾಕಬಹುದು.

ಆದರೂ ಕೆಟ್ಟರೆ

ಅರ್ಧ ಬೆಂದಾಗ ಟ್ರೇಯಲ್ಲಿ ನೀರು ನಿಂತಿರುವುದು ಕಂಡರೆ, ಕೈಗೆ ದಪ್ಪ ಬಟ್ಟೆ ಹಿಡಿದು ಟ್ರೇಯನ್ನು ಒಂದು ಮೂಲೆಗೆ ವಾಲಿಸಿ ನೀರು ಬಸಿಯಿರಿ, ಮೇಲಿನ ಕಂಬಿ ಮಾತ್ರ ಹಾಕಿ ಮುಗಿಸಿ. ಮುಂದಿನ ಸಲ ನಾಲ್ಕನೇ ಹಂತಕ್ಕೆ ಹೆಚ್ಚು ಹೊತ್ತು ಕೊಡಿ.

ಒಣಗಿಹೋದ ಮೀನನ್ನು ಮತ್ತೆ ತೇವ ಮಾಡಲಾಗದು. ಅದನ್ನು ಬಿಡಿಸಿ, ಈರುಳ್ಳಿ, ಹಸಿಮೆಣಸು, ತೆಂಗಿನತುರಿಯ ಒಗ್ಗರಣೆಗೆ ಹಾಕಿ ಪಲ್ಯದ ಹಾಗೆ ಬಾಡಿಸಿ. ಅದಕ್ಕೆ ತುಸು ತೆಂಗಿನಹಾಲು ಚಿಮುಕಿಸಿದರೆ ಅನ್ನದೊಂದಿಗೆ ಚೆನ್ನಾಗಿಯೇ ಹೋಗುತ್ತದೆ.

ಹೊರಗೆ ಕಂದಿ ಒಳಗೆ ಹಸಿಯಾಗಿದ್ದರೆ ಟ್ರೇ ಮೇಲಿನ ಅರೆಯಲ್ಲಿತ್ತು, ಅಥವಾ ತುಂಡಿನ ಒಳಗೆ ಹಿಮ ಉಳಿದಿತ್ತು. ಉರಿಯನ್ನು 180ಕ್ಕೆ ಇಳಿಸಿ, ಮೇಲೆ ಬೇಕಿಂಗ್ ಪೇಪರ್ ಸಡಿಲವಾಗಿ ಮುಚ್ಚಿ, ಅದರ ಅಂಚು ಕಂಬಿಗೆ ತಾಗದಂತೆ ಟ್ರೇಯ ಅಡಿಗೆ ಸಿಕ್ಕಿಸಿ ಬೇಯಿಸಿ.

ಉಳಿದ ಮೀನನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ ಮರುದಿನವೇ ಮುಗಿಸಿ. ಬಿಸಿ ಮಾಡಲು ಮೈಕ್ರೋವೇವ್‌ನ ಪೂರ್ತಿ ಶಕ್ತಿ ಬೇಡ. ತವಾ ಮೇಲೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಹಬೆಯಾಡುವಷ್ಟು ಬಿಸಿಯಾಗಲು ಬಿಡಿ.